ಪಾದೂರಿಗೆ ಬಾಂಬ್ ಬಿದ್ರೆ ಏನಾಗ್ತದೆ?

ಆಸ್ಪತ್ರೆ, ಪಂಪ್‌ಹೌಸ್, ಸಬ್‌ಸ್ಟೇಷನ್ ಇಂಥ ಕಡೆ ಹೋಗಿ, ಯಾವುದು ಕೈಕೊಟ್ಟರೆ ಉಳಿದದ್ದೆಲ್ಲ ನಿಲ್ಲುತ್ತದೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಇಷ್ಟು ಹೇಳಿದರೆ ಸಾಕು, ಪ್ರಶ್ನೆ ಬಂತೇ ಬಂತು: "ಹಾಗಾದ್ರೆ ಪಾದೂರಿಗೆ ಬಾಂಬ್ ಬಿದ್ರೆ ಏನಾಗ್ತದೆ?" ಪಾದೂರು ಅಂದರೆ ಉಡುಪಿ ಜಿಲ್ಲೆಯಲ್ಲಿ ದೇಶದ ತುರ್ತು ಎಣ್ಣೆ ಸಂಗ್ರಹ ಇರುವ ಊರು.

ಮೊನ್ನೆ ಉಡುಪಿಯಲ್ಲಿ ಮದುವೆ ಊಟಕ್ಕೆ ಕೂತಾಗ ಮಾವನೂ ಅದನ್ನೇ ಕೇಳಿದರು. ಕಣ್ಣಲ್ಲಿ ಹೆದರಿಕೆಗಿಂತ ಖುಷಿಯೇ ಜಾಸ್ತಿ ಇತ್ತು.

ಕೇಳಿ. ಪಾದೂರಿನ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಸುತ್ತದೆ. ಅವು ಇರುವುದು ನೆಲದಡಿಯ ಬಂಡೆಯೊಳಗೆ. ಸುತ್ತಲಿನ ಅಂತರ್ಜಲದ ಒತ್ತಡವೇ ಎಣ್ಣೆ ಹೊರಗೆ ಸೋರದಂತೆ ತಡೆಯುತ್ತದೆ. ಅಲ್ಲಿ ಬಾಂಬಿಗಿಂತ ದಿನಾ ನೀರಿನ ಮಟ್ಟ ನೋಡುವವನ ಬಗ್ಗೆ ನಾನು ಹೆಚ್ಚು ಯೋಚಿಸುತ್ತೇನೆ. ಆದರೆ ಅವನ ಬಗ್ಗೆ ಯಾರೂ ಕೇಳುವುದಿಲ್ಲ.

ಒಮ್ಮೆ ಒಂದು ಆಸ್ಪತ್ರೆಗೆ ಹೋಗಿದ್ದೆ. ಹೆಸರು ಬೇಡ. "ನಮ್ಮಲ್ಲಿ ಎರಡು ಜನರೇಟರ್ ಉಂಟು ಸಾರ್" ಎಂದು ಹೆಮ್ಮೆಯಿಂದ ಕರೆದುಕೊಂಡು ಹೋದರು. ಎರಡೂ ಬೇಸ್‌ಮೆಂಟಿನಲ್ಲಿ, ಅಕ್ಕಪಕ್ಕ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಳೆದ ಮಳೆಗಾಲದ ನೀರಿನ ಗುರುತು. ಡೀಸೆಲ್ ಕೋಣೆಗೆ ಬೀಗ. ಬೀಗದ ಕೈ ಇದ್ದವ ಊರಿನ ಕೋಲಕ್ಕೆ ಹೋಗಿದ್ದ. ಎರಡಲ್ಲ, ಹತ್ತಿದ್ದರೂ ಒಂದೇ ನೀರಿಗೆ ಮುಳುಗುವುದಾದರೆ ಲೆಕ್ಕಕ್ಕೆ ಒಂದೇ, ಅಲ್ವಾ? 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಭೂಕಂಪವಾದಾಗ ರಿಯಾಕ್ಟರುಗಳು ಸರಿಯಾಗೇ ಬಂದ್ ಆಗಿದ್ದವು, ಜನರೇಟರುಗಳೂ ಶುರುವಾಗಿದ್ದವು. ಆಮೇಲೆ ಸುನಾಮಿಯ ನೀರು ಕೆಳಗಿನ ಕೋಣೆಗಳಿಗೆ ನುಗ್ಗಿತು.

ವರದಿಯಲ್ಲಿ ಜನರೇಟರನ್ನು ಮೇಲೆ ಹತ್ತಿಸಿ ಎಂದು ಬರೆದೆ. ಮುಂದಿನ ಸಲ ಹೋದಾಗ ಬೀಗ ಮಾತ್ರ ಹೊಸದಾಗಿತ್ತು.

ನನ್ನನ್ನು ಕೇಳಬೇಕಾದ್ದು ಬೇರೆ. "ಎರಡು ದಿನ ಕರೆಂಟ್ ಇಲ್ಲದಿದ್ದರೆ ನಳ್ಳಿಯಲ್ಲಿ ನೀರು ಬರ್ತದಾ?" ಎಂದು ಕೇಳಿ. ಮಂಗಳೂರು ಕುಡಿಯುವುದು ತುಂಬೆ ಅಣೆಕಟ್ಟಿನ ನೇತ್ರಾವತಿ ನೀರು. ಅದು ತಾನಾಗಿ ಗುಡ್ಡ ಹತ್ತಿ ಬರುವುದಿಲ್ಲ, ಪಂಪ್ ಬೇಕು. ಪಂಪಿಗೆ ಕರೆಂಟ್ ಬೇಕು. ಕರೆಂಟ್ ಇಲ್ಲದಿದ್ದರೆ ಡೀಸೆಲ್. ಬಂಕಿನಲ್ಲಿ ಡೀಸೆಲ್ ಮೇಲೆತ್ತಲು ಮತ್ತೆ ಕರೆಂಟ್. ಟ್ಯಾಂಕರ್ ಬರಲು ರಸ್ತೆ. ಇದನ್ನೆಲ್ಲ ಮಾವನಿಗೆ ಹೇಳಿ, "ನಿಮ್ಮ ಅಂಗಳದಲ್ಲಿ ಬಾವಿ ಇತ್ತಲ್ಲ ಮಾವ, ಈಗಲೂ ಉಂಟಾ?" ಎಂದು ಕೇಳಿದೆ.

"ಅದಾ? ಕಾರು ನಿಲ್ಲಿಸ್ಲಿಕ್ಕೆ ಜಾಗ ಇರ್ಲಿಲ್ಲ. ಸ್ಲ್ಯಾಬ್ ಹಾಕಿ ಮೇಲೆ ಇಂಟರ್‌ಲಾಕ್ ಮಾಡಿಸಿದೆ."

ಅಷ್ಟರಲ್ಲಿ ಪಾಯಸ ಬಂತು. ಮಾವ ಎರಡು ಸೌಟು ಹಾಕಿಸಿಕೊಂಡು, "ಅದಿರ್ಲಿ, ಬಾಂಬ್ ದೊಡ್ಡದಾದ್ರೆ?" ಎಂದರು.