ಲೆನ್ಸ್ ಮೇಲೆ ಕೂತ ಸಾಗರದ ಚಳಿ

ಹೋದ ಜನವರಿಯಲ್ಲಿ ನಡೆದದ್ದು. ಆಲ್ಬಂ ಡೆಲಿವರಿ ಆಗಿ ತಿಂಗಳುಗಳೇ ಕಳೆದಿವೆ, ಆದರೂ ಅದರ ಆರನೇ ಶೀಟ್ (ಆಲ್ಬಂನ ಹಾಳೆ) ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾನು ಮಲೆನಾಡಿನ ಸಾಗರ ಪೇಟೆಯ ಒಂದು ಸ್ಟುಡಿಯೋದಲ್ಲಿ ಕ್ಯಾಂಡಿಡ್, ಅಂದರೆ ಪೋಸ್ ಕೊಡಿಸದೆ ಸಹಜವಾಗಿ ಫೋಟೋ ತೆಗೆಯುವವನು. ಮದುವೆ, ಉಪನಯನ, ಗೃಹಪ್ರವೇಶ, ಇಷ್ಟೇ ಕೆಲಸ. ಒಂದು ದಿನ ಬೇರೆ ಥರದ ಆರ್ಡರ್ ಬಂತು. ರಿಟೈರ್ ಆದ ಏಳು ಜನ ಮೇಷ್ಟ್ರುಗಳು, ಪ್ರತಿ ಚಳಿಗಾಲ ಒಟ್ಟಿಗೆ ಎಲ್ಲಾದರೂ ನಡೆಯುವವರು. ಕೊಡಚಾದ್ರಿ, ಕುಂದಾದ್ರಿ ಎಲ್ಲ ಮುಗಿದಿತ್ತು. ಈಗ ಮಂಡಿ ನೋವಿನವರೇ ಜಾಸ್ತಿ, ಹಾಗಾಗಿ ಗೋಕರ್ಣದ ಕುಡ್ಲೆಯಿಂದ ಓಂ ಬೀಚಿಗೆ ಹೋಗುವ ಗುಡ್ಡದ ದಾರಿ ಹಿಡಿದಿದ್ದರು. ಅವರಲ್ಲಿ ಹಿರಿಯರಿಗೆ 79 ವರ್ಷ. ಅವರು ಕೇಳಿದ್ದು ಒಂದೇ: "ಏಳೂ ಜನ ನಡೀತಾ ಇರಬೇಕು, ಹಿಂದೆ ಸಮುದ್ರ ಕಾಣಬೇಕು. ಸಾಲಾಗಿ ನಿಲ್ಲಿಸಿ ತೆಗೀಬೇಡ ತಮ್ಮಾ."

ಬೆಳಗ್ಗೆಯೇ ನಡೆಯಿರಿ ಅಂತ ಹೇಳಿದ್ದು ನಾನು. ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಸಮುದ್ರದಲ್ಲಿ. ಸಂಜೆ ತೆಗೆದರೆ ಮುಖ ಎಲ್ಲ ಕಪ್ಪು, ಬರೀ ಆಕಾರ ಸಿಗುತ್ತದೆ. ಬೆಳಗ್ಗೆ ಬಿಸಿಲು ಗುಡ್ಡದ ಕಡೆಯಿಂದ, ನನ್ನ ಬೆನ್ನ ಹಿಂದಿನಿಂದ ಬಂದು ಅವರ ಮುಖಕ್ಕೆ ಬೀಳುತ್ತದೆ, ಹಿಂದೆ ನೀಲಿ ಸಮುದ್ರ, ಕಾಲ ಕೆಳಗೆ ಒಣಗಿದ ಹಳದಿ ಹುಲ್ಲು ಮತ್ತು ಕೆಂಪು ಜಂಬಿಟ್ಟಿಗೆ ಕಲ್ಲು. ಆ ಲೆಕ್ಕ ಸರಿಯಾಗಿಯೇ ಇತ್ತು.

ತಪ್ಪಿದ್ದು ಬೇರೆ ಕಡೆ. ಮೇಷ್ಟ್ರುಗಳು ಹಿಂದಿನ ದಿನವೇ ಹೋಗಿ ಉಳಿದಿದ್ದರು. ನಮಗೆ ರೂಮಿನ ಖರ್ಚು ಕೊಡಲು ಓನರ್ ಒಪ್ಪಲಿಲ್ಲ. "ಮೂರಕ್ಕೆ ಬಿಟ್ಟರೆ ಆರೂವರೆಗೆ ಅಲ್ಲಿರ್ತೀರಿ, ಸುಮ್ನೆ ಯಾಕೆ ದುಡ್ಡು" ಅಂದರು. ಮರೆತು ಹೋಗದಿರಲಿ ಅಂತ ನಾನು ರಾತ್ರಿಯೇ ಬ್ಯಾಗನ್ನು ಓಮ್ನಿಯ ಹಿಂದೆ ಇಟ್ಟಿದ್ದೆ. ಅಂಗಳದಲ್ಲಿ, ಇಬ್ಬನಿಯಲ್ಲಿ, ರಾತ್ರಿಯಿಡೀ. ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿಯುವಾಗಲೂ ಕೈ ಮರಗಟ್ಟುವಷ್ಟು ಚಳಿ. ಹೊನ್ನಾವರದಲ್ಲಿ ಸ್ವೆಟರ್ ಬಿಚ್ಚಿದೆ. ಮೈಗೆ ಸೆಕೆ ಅಂತ ಗೊತ್ತಾಯಿತು, ಬ್ಯಾಗಿನೊಳಗಿನ ಗಾಜು ಇನ್ನೂ ಸಾಗರದ ಚಳಿಯಲ್ಲೇ ಇದೆ ಅಂತ ಹೊಳೆಯಲಿಲ್ಲ.

ಗುಡ್ಡದ ಮೇಲೆ ಜಾಗ ಹಿಡಿದು ಕ್ಯಾಮೆರಾ ಕೈಗೆ ತೆಗೆದುಕೊಂಡೆ. ವ್ಯೂಫೈಂಡರ್ ತುಂಬ ಹಾಲು ಚೆಲ್ಲಿದ ಹಾಗೆ ಬಿಳಿ. ಮೊದಲು ಮಂಜು ಅಂದುಕೊಂಡೆ. ತಲೆ ಎತ್ತಿ ನೋಡಿದರೆ ಆಕಾಶ ಸ್ವಚ್ಛ. ಫ್ರಿಜ್ಜಿನಿಂದ ತೆಗೆದ ಬಾಟಲಿ ಹೊರಗೆ ಬೆವರುತ್ತದಲ್ಲ, ಹಾಗೆ ಲೆನ್ಸ್ ಬೆವರಿತ್ತು. ಒರೆಸಿದೆ. ಎಣಿಸಿ ಮೂರು ಸೆಕೆಂಡಿಗೆ ಮತ್ತೆ ಮಸುಕು. ಲೆನ್ಸಿನ ಮುಂದೆ ಹಾಕಿದ ಫಿಲ್ಟರ್ ಬಿಚ್ಚಿದೆ, ಒಳಗಿನ ಗಾಜು ಇನ್ನೂ ತಣ್ಣಗಿತ್ತು, ಅದೂ ಕೂಡಲೇ ಬೆಳ್ಳಗಾಯಿತು. ಆಗ ಸುಮ್ಮನಿರಬೇಕಿತ್ತು. ನಾನು ಗಾಬರಿಯಲ್ಲಿ ಲೆನ್ಸ್ ತೆಗೆದು ಅದೇ ಬ್ಯಾಗಿನ 70-200 ಜೂಮ್ ಲೆನ್ಸ್ ಹಾಕಲು ಹೋದೆ, ಸಮುದ್ರದ ತೇವದ ಗಾಳಿಯನ್ನು ನಾನೇ ಕ್ಯಾಮೆರಾದ ಒಳಗೆ ಬಿಟ್ಟ ಹಾಗಾಯಿತು, ಚಿತ್ರ ಹಿಡಿಯುವ ಸೆನ್ಸರ್ ಮೇಲೂ ಮಸುಕು ಕಟ್ಟಿತು.

ಅಷ್ಟರಲ್ಲಿ ಏಳೂ ಜನ ತಿರುವಿನಲ್ಲಿ ಕಾಣಿಸಿದರು. ಬಿಸಿಲು ಆಗಷ್ಟೇ ಗುಡ್ಡದ ನೆತ್ತಿಗೆ ಬಿದ್ದಿತ್ತು. ಹಿರಿಯರು ಮುಂದೆ ಕೋಲು ಊರಿಕೊಂಡು, ಹಿಂದಿನವರು ಏನೋ ಹೇಳಿ ನಗುತ್ತಾ. ಅವರು ಕೇಳಿದ್ದು ಸರಿಯಾಗಿ ಅದನ್ನೇ. ಶಟರ್ ಒತ್ತುತ್ತಲೇ ಹೋದೆ, ಫೋಕಸ್ ಹಿಂದೆ ಮುಂದೆ ಅಲೆಯಿತೇ ಹೊರತು ಎಲ್ಲೂ ನಿಲ್ಲಲಿಲ್ಲ.

"ಅಣ್ಣಾ, ಫೋನಲ್ಲಾದ್ರೂ ತೆಗೀರಿ" ಅಂದ ಜೊತೆಗಿದ್ದ ಹುಡುಗ. ನನ್ನ ಫೋನ್ ಜೇಬಿನಲ್ಲೇ ಇತ್ತು, ಮೈ ಬಿಸಿಗೆ ಬೆಚ್ಚಗಿತ್ತು, ಅದರ ಗಾಜಿಗೆ ಒಂದು ಹನಿಯೂ ಕಟ್ಟಿರಲಿಲ್ಲ. ಆದರೂ ತೆಗೆಯಲಿಲ್ಲ. ದುಡ್ಡು ತಗೊಂಡು ಫೋನಲ್ಲಿ ತೆಗೆಯುವುದು ಅವಮಾನ ಅನ್ನಿಸಿತು. ಇಡೀ ದಿನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಹುಡುಗ ಹೇಳದೆ ಕೇಳದೆ ತನ್ನ ಫೋನಿನಲ್ಲಿ ನಾಲ್ಕು ಫೋಟೋ ತೆಗೆದ.

"ನಿಲ್ಬೇಕಾ ತಮ್ಮಾ?" ಅಂದರು ಹಿರಿಯರು ಹತ್ತಿರ ಬಂದು. ವಾಪಸ್ ಹೋಗಿ ಇನ್ನೊಂದು ಸಲ ಆ ಏರು ಹತ್ತಿ ಅಂತ 79ರ ಕಾಲಿಗೆ ಹೇಗೆ ಹೇಳುವುದು? ಬೇಡ ಸಾರ್ ಅಂದೆ. ಲೆನ್ಸ್ ತಾನಾಗಿ ಬಿಸಿಯಾಗಿ ತಿಳಿಯಾಗಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಓಂ ಬೀಚಿನಲ್ಲಿ ಟೀ ಕುಡಿಯುವುದು, ಮರಳಿನಲ್ಲಿ ಕೂತಿದ್ದು ಎಲ್ಲ ಚೆನ್ನಾಗಿ ಬಂತು.

ಸ್ಟುಡಿಯೋಗೆ ಬಂದು ಮಸುಕು ಫೋಟೋಗಳಿಗೆ ಕಂಪ್ಯೂಟರಿನಲ್ಲಿ ಡಿಹೇಜ್ (ಮಸುಕು ತೆಗೆಯುವ ಆಯ್ಕೆ) ಎಳೆದು ನೋಡಿದೆ, ಮುಖ ಕೊಳೆಯಾದ ಹಾಗೆ ಕಂಡಿತು. ಆರನೇ ಶೀಟಿಗೆ ಹುಡುಗನ ಫೋಟೋ ಹಾಕಿದೆವು. 12×36 ಇಂಚಿಗೆ ಎಳೆದಾಗ ಅಂಚು ಒಡೆದಿದೆ. ಹಿರಿಯರು ಅದರ ಮೇಲೇ ಜಾಸ್ತಿ ಹೊತ್ತು ಬೆರಳಿಟ್ಟು ಕೂತಿದ್ದರು, ಬೈಯಲಿಲ್ಲ. ಆ ಗುಂಪಿನ ಒಬ್ಬರು ಈಗ ಬೆಂಗಳೂರಿಗೆ ಮಗನ ಮನೆಗೆ ಹೋಗಿದ್ದಾರೆ. ಏಳೂ ಜನ ಮತ್ತೆ ಸೇರುವುದು ಕಷ್ಟವಂತೆ.

ಮಲೆನಾಡಿನಲ್ಲಿ ನಾವು ಮಳೆಗಾಲ ಪೂರ್ತಿ ಲೆನ್ಸಿಗೆ ಹಿಡಿಯುವ ಫಂಗಸ್‌ಗೆ ಹೆದರಿ, ಕ್ಯಾಮೆರಾ ಇಡುವ ಡ್ರೈ ಬಾಕ್ಸ್ ಕಾಯುತ್ತೇವೆ, ಅದರೊಳಗಿನ ತೇವ ಹೀರುವ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿತಾ ಅಂತ ನೋಡುತ್ತೇವೆ. ಚಳಿಗಾಲದಲ್ಲಿ ಎಲ್ಲ ಮರೆತೇ ಬಿಡುತ್ತೇವೆ. ಘಟ್ಟ ಇಳಿಯುವ ಕೆಲಸ ಇದ್ದರೆ ನಾನೀಗ ಕ್ಯಾಮೆರಾವನ್ನು ಹಿಂದಿನ ರಾತ್ರಿ ಮನೆಯೊಳಗೇ ಇಡುತ್ತೇನೆ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಕಟ್ಟುತ್ತೇನೆ, ಕೆಳಗೆ ತಲುಪಿದ ಮೇಲೆ ಒಂದು ಗಂಟೆ ಕವರ್ ಬಿಚ್ಚುವುದಿಲ್ಲ. ಆ ಒಂದು ಗಂಟೆಗೆ ಓನರ್ ಹತ್ತಿರ ಈಗಲೂ ಜಗಳ ನಡೆಯುತ್ತಲೇ ಇದೆ.