ದಪ್ಪದಲ್ಲೊಂದು ಕೂದಲೆಳೆ ವ್ಯತ್ಯಾಸ
ಬೈಕಂಪಾಡಿಯ ವರ್ಕ್‌ಶಾಪೊಂದರಲ್ಲಿ ಒಂದೇ ನಕ್ಷೆಯಂತೆ ಕತ್ತರಿಸಿದ ಉಕ್ಕಿನ ಪುಟ್ಟ ಪಟ್ಟಿಗಳ ತುದಿಗೆ ಭಾರ ಕೂರಿಸಿ, ಕಂಪನ ಹೀರುವ ರೆಸೊನೇಟರ್‌ಗಳಾಗಿ ತೊಲೆಯುದ್ದಕ್ಕೂ ಜೋಡಿಸುತ್ತಿದ್ದೇವೆ. ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿದರೆ ಯಾವ ಎರಡು ಪಟ್ಟಿಗಳ ದಪ್ಪವೂ ಒಂದೇ ಇಲ್ಲ. ಪಟ್ಟಿಯ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, 2 ಮಿಲಿಮೀಟರ್ ದಪ್ಪಕ್ಕೆ ಬರೀ 0.1 ಮಿಲಿಮೀಟರ್ ಕೂಡಿಕೊಂಡರೂ, ತುದಿಯ ಭಾರ ಅಷ್ಟೇ ಇದ್ದಾಗ, ಸ್ವಾಭಾವಿಕ ಆವರ್ತನ (ತಟ್ಟಿಬಿಟ್ಟಾಗ ಪಟ್ಟಿ ಸೆಕೆಂಡಿಗೆ ಎಷ್ಟು ಸಲ ತಾನೇ ಮಿಡಿಯುತ್ತದೆಂಬ ಲೆಕ್ಕ) ಸುಮಾರು ಶೇ. 7.6ರಷ್ಟು ಮೇಲೇರುತ್ತದೆ. ಜರ್ಮನ್ ಎಂಜಿನಿಯರ್ ಹರ್ಮನ್ ಫ್ರಾಮ್ 1911ರಲ್ಲಿ ಪೇಟೆಂಟ್ ಪಡೆದ ಮಾದರಿಯ, ಒಂದೇ ಆವರ್ತನಕ್ಕೆ ಹೊಂದಿಸಿದ ಒಂಟಿ ಕಂಪನ ಶೋಷಕವಾಗಿದ್ದರೆ ಇಷ್ಟರಲ್ಲೇ ಶ್ರುತಿ ತಪ್ಪಿಬಿಡುತ್ತಿತ್ತು. ಸಾಲು ರೆಸೊನೇಟರ್‌ಗಳ ಗುಣ ಬೇರೆ: ಎಲ್ಲವೂ ಒಂದೇ ಆವರ್ತನದಲ್ಲಿ ಮಿಡಿದರೆ ಕಂಪನದ ತಡೆ ಆಳವಾಗಿಯೂ (ಕಂಪನ ಬಹಳ ತಗ್ಗುತ್ತದೆ) ಕಿರಿದಾಗಿಯೂ (ಕೆಲವೇ ಆವರ್ತನಗಳಲ್ಲಿ ಮಾತ್ರ) ಇರುತ್ತದೆ, ಆವರ್ತನಗಳು ತುಸು ಚದುರಿದರೆ ಆಳ ಕುಗ್ಗಿ ಅಗಲ ಹಿಗ್ಗುತ್ತದೆ. ವೇಗ ಬದಲಾಗುತ್ತಲೇ ಇರುವುದರಿಂದ ಕಂಪನದ ಆವರ್ತನವೂ ಬದಲಾಗುವ ಪಂಪ್‌ನಂಥ ಯಂತ್ರಕ್ಕೆ ಆ ಅಗಲವೇ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಚದುರುವಿಕೆ ಮಿತಿ ಮೀರಿದರೆ ಯಾವ ಆವರ್ತನದಲ್ಲೂ ತಡೆ ಸಾಕಷ್ಟು ಸಿಗುವುದಿಲ್ಲ.