ಸ್ಕ್ಯಾನ್ ನೋಡಿ ಲಿವರ್ ಕ್ಯಾನ್ಸರ್ ಮತ್ತೆ ಬರುತ್ತಾ ಅಂತ ಹೇಳಬಹುದಾ?

ನಾನು ರೇಡಿಯಾಲಜಿಸ್ಟ್. ಲಿವರ್ ಗಡ್ಡೆಗೆ ಆಪರೇಷನ್ ಆಗುವವರ ಮನೆಯವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ: "ಡಾಕ್ಟ್ರೇ, ಸ್ಕ್ಯಾನ್‌ನಲ್ಲಿ ಎಲ್ಲಾ ಕಾಣುತ್ತಲ್ವಾ? ಇದು ಮತ್ತೆ ಬರುತ್ತೋ ಇಲ್ವೋ ಹೇಳಿಬಿಡಿ."

ಅಪಾಯ ಜಾಸ್ತಿಯೋ ಕಡಿಮೆಯೋ ಹೇಳಬಹುದು. ಬಂದೇ ಬರುತ್ತೆ, ಬರೋದೇ ಇಲ್ಲ ಅಂತ ಯಾವ ಸ್ಕ್ಯಾನೂ ಹೇಳುವುದಿಲ್ಲ.

ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಎಚ್‌ಸಿಸಿ, ಅಂದರೆ ಲಿವರ್‌ನ ಮುಖ್ಯ ಜೀವಕೋಶಗಳಿಂದ ಶುರುವಾಗುವ ಹೆಪಟೋಸೆಲ್ಯುಲರ್ ಕಾರ್ಸಿನೋಮಾ. ಅದನ್ನು ಪೂರ್ತಿ ತೆಗೆದರೂ 5 ವರ್ಷದೊಳಗೆ 100ರಲ್ಲಿ 70 ಮಂದಿವರೆಗೂ ಮತ್ತೆ ಕಾಣಿಸಿಕೊಳ್ಳಬಹುದು. ಮೊದಲ 2 ವರ್ಷದಲ್ಲಿ ಬರುವುದು ಬಹುಮಟ್ಟಿಗೆ ಹಳೇ ಗಡ್ಡೆಯದ್ದೇ ಜೀವಕೋಶಗಳಿಂದ. ಆಪರೇಷನ್‌ಗೆ ಮೊದಲೇ ಅವು ಸಣ್ಣ ರಕ್ತನಾಳಕ್ಕೆ ನುಗ್ಗಿ ಅಡಗಿರುತ್ತವೆ. ಆಮೇಲೆ ಬರುವುದು ಸಾಮಾನ್ಯವಾಗಿ ಹೊಸ ಗಡ್ಡೆ, ಸಿರೋಸಿಸ್ ಆಗಿರುವ (ಗಾಯದ ಕಲೆ ಕಟ್ಟಿ ಗಟ್ಟಿಯಾದ) ಉಳಿದ ಲಿವರ್‌ನಲ್ಲಿ ಹುಟ್ಟುವಂಥದ್ದು.

ರಕ್ತನಾಳಕ್ಕೆ ನುಗ್ಗಿದೆಯಾ ಅಂತ ಖಚಿತವಾಗಿ ಹೇಳುವವರು ಪೆಥಾಲಜಿಸ್ಟ್. ಅದೂ ಗಡ್ಡೆ ಹೊರಗೆ ಬಂದಮೇಲೆ, ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಮುಂಚೆ ನಮಗೆ ಸಿಗುವುದು ಸುಳಿವು ಮಾತ್ರ, ಅದು ಗಡ್ಡೆಯ ಅಂಚಿನಲ್ಲಿರುತ್ತದೆ. ಎಂಆರ್‌ಐ ಮಾಡುವಾಗ ಗ್ಯಾಡಾಕ್ಸೆಟಿಕ್ ಆಸಿಡ್ ಅನ್ನುವ ಕಾಂಟ್ರಾಸ್ಟ್ (ಚಿತ್ರದಲ್ಲಿ ವ್ಯತ್ಯಾಸ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್) ಕೊಟ್ಟು ಸುಮಾರು 20 ನಿಮಿಷ ಕಾಯುತ್ತೇವೆ. ಚೆನ್ನಾಗಿರುವ ಲಿವರ್ ಅದನ್ನು ಹೀರಿಕೊಂಡು ಬೆಳ್ಳಗೆ ಕಾಣುತ್ತದೆ, ಗಡ್ಡೆ ಸಾಮಾನ್ಯವಾಗಿ ಕಪ್ಪಗೆ. ಅಂಚು ನುಣ್ಣಗಿದ್ದರೆ ಸ್ವಲ್ಪ ಸಮಾಧಾನ. ಒದ್ದೆ ಕಾಗದದ ಮೇಲೆ ಇಂಕು ಹರಡಿದ ಹಾಗೆ ಗಡ್ಡೆಯಾಚೆಗೂ ಮಬ್ಬುಗಪ್ಪು ಚಾಚಿದ್ದರೆ ಅಲ್ಲೇ ನಿಲ್ಲುತ್ತೇನೆ. ಕಾಂಟ್ರಾಸ್ಟ್ ಕೊಟ್ಟ ಮೊದಲ ನಿಮಿಷದ ಚಿತ್ರಕ್ಕೆ ಹಿಂತಿರುಗಿ, ಅದೇ ಜಾಗ ಆಗ ಹೊಳೆದಿತ್ತಾ, ಪಕ್ಕದಲ್ಲಿ ಮರಿ ಗಡ್ಡೆ ಇದೆಯಾ ಅಂತ ಹುಡುಕುತ್ತೇನೆ. ಇವೆಲ್ಲಾ ಒಟ್ಟಿಗೆ ಸಿಕ್ಕರೆ ರಿಪೋರ್ಟ್ ಬರೆಯುವ ಮೊದಲೇ ಸರ್ಜನ್‌ಗೆ ಫೋನ್ ಮಾಡುತ್ತೇನೆ. ಸಾಧ್ಯವಿದ್ದರೆ ಅವರು ಸುತ್ತಲಿನ ಭಾಗವನ್ನೂ ಇನ್ನಷ್ಟು ಅಗಲವಾಗಿ ತೆಗೆಯಲು ನೋಡುತ್ತಾರೆ.

"ಈಗ ಕಂಪ್ಯೂಟರೇ ಹೇಳುತ್ತಂತೆ?" ಅಂತಲೂ ಕೇಳುತ್ತಾರೆ. ಅದು ರೇಡಿಯೋಮಿಕ್ಸ್. ನಮ್ಮ ಕಣ್ಣಿಗೆ ಸಿಗದ ವ್ಯತ್ಯಾಸಗಳನ್ನು ಚಿತ್ರದಿಂದ ಅಂಕಿಗಳಾಗಿ ತೆಗೆಯುವ ವಿಧಾನ. ನನಗೆ ಇದರ ಮೇಲೆ ಆಸೆ ಇದೆ. ಆದರೆ ಒಂದು ಆಸ್ಪತ್ರೆಯ ಸ್ಕ್ಯಾನ್‌ಗಳಲ್ಲಿ ಚೆನ್ನಾಗಿ ಹೇಳಿದ್ದು ಬೇರೆ ಮಷಿನ್‌ನ ಚಿತ್ರ ಕೊಟ್ಟಾಗ ತಪ್ಪುವುದುಂಟು. ಒಬ್ಬರ ಚಿಕಿತ್ಸೆಯನ್ನು ಅದರ ಮೇಲೆ ನಿರ್ಧರಿಸಲು ನಾನಿನ್ನೂ ಒಪ್ಪುವುದಿಲ್ಲ.

ಅಪಾಯ ಗೊತ್ತಾದರೆ ಔಷಧಿ ಕೊಟ್ಟು ತಡೆಯಬಹುದಲ್ವಾ? ಆಪರೇಷನ್ ಆದಮೇಲೆ ಸೊರಾಫೆನಿಬ್ ಅನ್ನುವ ಕ್ಯಾನ್ಸರ್ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು, ಉಪಯೋಗ ಕಾಣಲಿಲ್ಲ. ಅಟೆಜೋಲಿಜುಮಾಬ್, ಬೆವಾಸಿಜುಮಾಬ್ ಅನ್ನುವ ಕ್ಯಾನ್ಸರ್ ಇಂಜೆಕ್ಷನ್‌ಗಳ ಜೋಡಿ 2023ರಲ್ಲಿ ಭರವಸೆ ಹುಟ್ಟಿಸಿತು, ಮುಂದಿನ ಫಾಲೋಅಪ್‌ನಲ್ಲಿ ಆ ಲಾಭ ಉಳಿಯಲಿಲ್ಲ. ಹೆಪಟೈಟಿಸ್ ಬಿ ಇದ್ದವರು ಮಾತ್ರ ವೈರಸ್ಸಿನ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೇಬಾರದು, ಆ ಮಾತ್ರೆಯಿಂದ ಕ್ಯಾನ್ಸರ್ ಮತ್ತೆ ಬರುವ ಅಪಾಯ ಕಡಿಮೆಯಾಗುತ್ತದೆ.

ಹಾಗಾಗಿ ಮೊದಲ 2 ವರ್ಷ 3-4 ತಿಂಗಳಿಗೊಮ್ಮೆ ಸ್ಕ್ಯಾನ್, ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ (ಲಿವರ್ ಕ್ಯಾನ್ಸರ್ ಇದ್ದಾಗ ಹಲವರ ರಕ್ತದಲ್ಲಿ ಏರುವ ಒಂದು ಪ್ರೋಟೀನ್). "ಆರಾಮಾಗಿದ್ದಾರೆ, ಸುಮ್ನೆ ಯಾಕೆ" ಅಂತ ತಪ್ಪಿಸಬೇಡಿ. ಸಣ್ಣದಿದ್ದಾಗ ಸಿಕ್ಕರೆ ಮತ್ತೆ ಆಪರೇಷನ್ ಮಾಡಬಹುದು, ಸೂಜಿ ಹಾಕಿ ಸುಡಬಹುದು, ಕೆಲವರಿಗೆ ಲಿವರ್ ಕಸಿಯೂ ಆಗಬಹುದು. ಬರುವಾಗ ಹಳೇ ಸ್ಕ್ಯಾನ್‌ಗಳ ಸಿಡಿ ತನ್ನಿ, ರಿಪೋರ್ಟ್ ಹಾಳೆ ಸಾಲದು. ಇವತ್ತು ಕಂಡ 1 ಸೆಂ.ಮೀ. ಚುಕ್ಕೆ ಹೋದ ಸಲವೂ ಇತ್ತಾ ಅಂತ ನಾನು ಚಿತ್ರದಲ್ಲೇ ನೋಡಬೇಕು.